ಇರ್ಲಿ, ಇನ್ನೊಂದು ಸೆಟ್ ಮಾಡ್ಸಿ

ಆಂಧ್ರದ ಕಲ್ಯಾಣದುರ್ಗದಲ್ಲಿ ಎಮ್ಮಾರ್ವೋ ಆಫೀಸಿಗೆ ಕೆಲಸವಿದ್ದು ಬಂದವರು ಮೊದಲು ಹೋಗಿ ನಿಲ್ಲುವುದು ಜೆರಾಕ್ಸ್ ಅಂಗಡಿಯ ಮುಂದೆ. ಹಿಂದೂಪುರದಲ್ಲೂ ಅಷ್ಟೇ. (ಬೋರ್ಡಿನ ಮೇಲೆ ತಹಸೀಲ್ದಾರ್ ಎಂದು ಬರೆದು ಎಷ್ಟೋ ವರ್ಷವಾಯಿತು, ಜನರ ಬಾಯಲ್ಲಿ ಅದು ಇವತ್ತಿಗೂ ಎಮ್ಮಾರ್ವೋ ಆಫೀಸೇ.) ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಹೊಲದ ಹಕ್ಕಿನ ದಾಖಲೆ ಒನ್-ಬಿ, ಜಮೀನಿನ ಪಟ್ಟಾದಾರ್ ಪುಸ್ತಕದಲ್ಲಿ ಫೋಟೊ ಇರುವ ಪುಟ, ಮೇಲೊಂದು ಅರ್ಜಿ. ಆರು ಹಾಳೆ. ಕುಂದುರ್ಪಿ, ಶೆಟ್ಟೂರು ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಕನ್ನಡ ಮಾತಿನ ರೈತರಿಗೆ ಅಂಗಡಿಯ ಹುಡುಗನ ಸಲಹೆಯೂ ಕನ್ನಡದಲ್ಲೇ ಸಿಗುತ್ತದೆ: "ಇರ್ಲಿ ತಾತಾ, ಇನ್ನೊಂದು ಸೆಟ್ ಮಾಡ್ಸಿ. ಒಳಗೆ ಕೇಳಿದ್ರೆ ಮತ್ತೆ ಇಲ್ಲೀತನಕ ಓಡಿ ಬರ್ಬೇಕು." ತಾತ ಮಾಡಿಸುತ್ತಾರೆ. ಬಿಸಿಲಲ್ಲಿ ಇನ್ನೊಮ್ಮೆ ರಸ್ತೆ ದಾಟುವುದಕ್ಕಿಂತ ಆರು ಹಾಳೆಯ ದುಡ್ಡು ಹೆಚ್ಚಲ್ಲ.

ಸುಮ್ಮನೆ ಒಂದು ಲೆಕ್ಕ ಹಾಕೋಣ. ಆರು ಹಾಳೆಯ ಎರಡು ಸೆಟ್ ಎಂದರೆ 12. ದಿನಕ್ಕೆ ಇಂಥವರು 40 ಜನ ಬಂದರು ಎಂದಿಟ್ಟುಕೊಳ್ಳಿ, 480 ಹಾಳೆ. ಒಂದು ರೀಮಿಗೆ ಇಪ್ಪತ್ತು ಕಮ್ಮಿ. ಇದು ಒಂದು ಆಫೀಸಿನ ಎದುರಿನ ಒಂದು ಅಂಗಡಿಯ ಒಂದು ದಿನದ ಮಾತು. ತಮಾಷೆಯೆಂದರೆ, ಈ ರೀಮು ಆ ಆಫೀಸಿನ ಯಾವ ಖರ್ಚಿನ ಪಟ್ಟಿಯಲ್ಲೂ ಕಾಣುವುದಿಲ್ಲ. ಸ್ಟೇಷನರಿ ಬಿಲ್ಲು ನೋಡಿದವರಿಗೆ ಆಫೀಸು ಬಹಳ ಮಿತವ್ಯಯಿ ಎನ್ನಿಸುತ್ತದೆ. ಒಳಗೆ ಇ-ಆಫೀಸ್, ಗೋಡೆಯ ಮೇಲೆ ‘ಕಾಗದ ಉಳಿಸಿ’ ಎಂಬ ಸ್ಟಿಕ್ಕರು. ಹೊರಗೆ ತಾತನ ಜೇಬಿನಿಂದ ರೀಮುಗಟ್ಟಲೆ ಕಾಗದ.

ಕೆಲಸದ ಜಾಗದಲ್ಲಿ ಕಾಗದ ಹಾಳಾಗುವುದನ್ನು ತಡೆಯುವುದು ಹೇಗೆ ಎಂದು ಬರೆಯುವವರೆಲ್ಲ ಪ್ರಿಂಟರಿನ ಪಕ್ಕದಲ್ಲಿ ನಿಂತು ಉಪದೇಶ ಶುರು ಮಾಡುತ್ತಾರೆ. ಎರಡೂ ಮಗ್ಗುಲಿಗೆ ಪ್ರಿಂಟು ಹಾಕಿ, ಅಕ್ಷರ ಸಣ್ಣದು ಮಾಡಿ, ಕೆಟ್ಟ ಹಾಳೆಯ ಹಿಂಬದಿಯಲ್ಲಿ ಚೀಟಿ ಬರೆಯಿರಿ. ಒಳ್ಳೆಯ ಮಾತುಗಳೇ, ತಕರಾರಿಲ್ಲ. ಆದರೆ ಕಾಗದ ಹುಟ್ಟುವ ಜಾಗ ಪ್ರಿಂಟರಲ್ಲ. ಯಾರೋ ಒಬ್ಬರು ‘ಒಂದು ಕಾಪಿ ಕೊಡಿ’ ಎಂದು ಕೇಳಿದಾಗ ಅದು ಹುಟ್ಟುತ್ತದೆ. ಕೇಳುವುದು ನಿಂತ ಕಡೆ ಕಾಗದ ತಾನಾಗಿ ನಿಂತಿದೆ. ಕೇಳುವುದು ನಿಲ್ಲದ ಕಡೆ ಎಷ್ಟು ಕಂಪ್ಯೂಟರು ತಂದಿಟ್ಟರೂ, ಪ್ರಿಂಟರು ಸೇರಿಕೊಂಡು ಕಾಗದ ಇನ್ನಷ್ಟು ಹೆಚ್ಚಿದೆ. ಹಿಂದೂಪುರದ ರಸ್ತೆಯಲ್ಲೇ ಇದಕ್ಕೆ ಸಾಕ್ಷಿ ಇದೆ, ಅದಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ‘ಮರ ಉಳಿಸಿ’ ಎನ್ನುವ ಮಾತಿನ ಬಗ್ಗೆ ಒಂದಿಷ್ಟು. ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಎ4 ಹಾಳೆ 75 ಜಿಎಸ್‌ಎಂನದು, ಎಂದರೆ ಒಂದು ಚದರ ಮೀಟರಿಗೆ 75 ಗ್ರಾಂ. ಹದಿನಾರು ಎ4 ಹಾಳೆ ಜೋಡಿಸಿದರೆ ಒಂದು ಚದರ ಮೀಟರು. ಹಾಗಾಗಿ ಒಂದು ಹಾಳೆ ಐದು ಗ್ರಾಮಿಗೆ ಸ್ವಲ್ಪ ಕಡಿಮೆ, 500 ಹಾಳೆಯ ರೀಮು ಎರಡು ಕಾಲು ಕೆ.ಜಿ.ಗೆ ಸ್ವಲ್ಪ ಹೆಚ್ಚು. ಇಪ್ಪತ್ತು ಜನರ ಆಫೀಸಿನಲ್ಲಿ ದಿನಕ್ಕೆ ತಲೆಗೆ ಹತ್ತು ಹಾಳೆಯಂತೆ ಖರ್ಚಾದರೂ ತಿಂಗಳಿಗೆ ಹತ್ತು ರೀಮು, 23 ಕೆ.ಜಿ.ಗೂ ಮೇಲೆ. ಈ ಕಾಗದಕ್ಕೆ ಯಾರೂ ದಾಂಡೇಲಿಯ ಕಾಡಿಗೆ ಕೊಡಲಿ ಹಿಡಿದು ಹೋಗುವುದಿಲ್ಲ. ಕಾರ್ಖಾನೆಗಳು ಹೆಚ್ಚಾಗಿ ನೀಲಗಿರಿ, ಸರ್ವೆ, ಸುಬಾಬುಲ್ ಬೆಳೆಸಿದ ರೈತರಿಂದ ಕಟ್ಟಿಗೆ ಕೊಳ್ಳುತ್ತವೆ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 2019ರಲ್ಲಿ ರಾಜಮಂಡ್ರಿಯ ಕಾಗದ ಕಾರ್ಖಾನೆಯನ್ನೂ ಕೊಂಡಿದೆ, ಅದೇ ಈಗಿನ ಆಂಧ್ರ ಪೇಪರ್. ಗಡಿಯ ಈಚೆಯ ಹಾಳೆಗೂ ಆಚೆಯ ಹಾಳೆಗೂ ಈಗ ಒಂದೇ ಯಜಮಾನಿಕೆ ಇರಬಹುದು! ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಮಾತ್ರ ಬಾಗಿಲು ಹಾಕಿ ಕೂತಿದೆ.

ಮರಕ್ಕಿಂತ ದೊಡ್ಡ ಲೆಕ್ಕ ಬೇರೆ ಇದೆ. ಕಟ್ಟಿಗೆಯನ್ನು ಬೇಯಿಸಿ ನಾರು ಬಿಡಿಸಿ ಬಿಳಿ ಮಾಡುವುದಕ್ಕೆ ನೀರು ಬೇಕು, ಉಗಿ ಬೇಕು, ರಾಸಾಯನಿಕ ಬೇಕು. ನೀಲಗಿರಿಯ ವಿಷಯವಂತೂ ಮಳೆ ಕಮ್ಮಿಯಾದ ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಂತರ್ಜಲ ಹೀರುತ್ತದೆ ಎಂಬ ದೂರು ಕೇಳಿ ಕೇಳಿ ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಲ್ಲಿಸಿತು. ಹಳೆ ಕಾಗದವನ್ನು ಮತ್ತೆ ಕಾಗದ ಮಾಡಬಹುದು, ನಿಜ. ಆದರೆ ಸುತ್ತಿನಿಂದ ಸುತ್ತಿಗೆ ನಾರು ತುಂಡಾಗುತ್ತಾ ಹೋಗಿ ಐದಾರು ಸಲದ ಮೇಲೆ ಕೈಗೆ ಬಾರದು. ಗುಜರಿಯವರಿಗೆ ಹಾಕಿದೆವು, ಪಾಪ ಕಳೆಯಿತು ಎಂದುಕೊಳ್ಳುವುದು ಅರ್ಧ ಸತ್ಯ.

ಈಗ ಹಿಂದೂಪುರದ ರಸ್ತೆಗೆ ಬರೋಣ. ಊರು ಬಿಟ್ಟು ಗೌರಿಬಿದನೂರಿನ ಕಡೆ ಹೊರಟರೆ ತೂಮುಕುಂಟದ ಕೈಗಾರಿಕಾ ಪ್ರದೇಶ ಸಿಗುತ್ತದೆ, ಅದನ್ನು ದಾಟಿದರೆ ಕರ್ನಾಟಕ. ಇಲ್ಲಿ ತಯಾರಾದ ಸರಕು ಬೆಂಗಳೂರಿಗೆ ಹೋಗಬೇಕಾದರೂ, ಹಿಂದೂಪುರ ಮಾರುಕಟ್ಟೆಯ ಬೆಲ್ಲ, ಹುಣಸೆಹಣ್ಣು ತುಮಕೂರಿಗೆ ಹೋಗಬೇಕಾದರೂ ರಾಜ್ಯದ ಗಡಿ ದಾಟಲೇಬೇಕು. 2017ರ ಜುಲೈ 1ಕ್ಕೆ ಮುಂಚೆ ಹಾಗೆ ದಾಟುವುದೆಂದರೆ ಕಾಗದದ ಹಬ್ಬ. ಅಂತರರಾಜ್ಯ ಮಾರಾಟಕ್ಕೆ ಕೇಂದ್ರ ಮಾರಾಟ ತೆರಿಗೆ. ಅದರ ಕಡಿಮೆ ದರ ಬೇಕೆಂದರೆ ಕೊಂಡವರು ಮಾರಿದವರಿಗೆ ‘ಸಿ ಫಾರಂ’ ಕೊಡಬೇಕು. ಸಿ ಫಾರಮಿಗೆ ಮೂರು ಭಾಗ. ಒಂದು ಕೊಂಡವರ ಬಳಿ ಉಳಿಯಬೇಕು, ಎರಡು ಮಾರಿದವರಿಗೆ ಹೋಗಬೇಕು, ಅದರಲ್ಲೊಂದು ತೆರಿಗೆ ಆಫೀಸಿಗೆ. ಮೂರು ತಿಂಗಳಿಗೊಂದು ಫಾರಂ. ಗೌರಿಬಿದನೂರಿನ ವ್ಯಾಪಾರಿ ಫಾರಂ ಕಳಿಸುವುದು ತಡ ಮಾಡಿದರೆ ಹಿಂದೂಪುರದ ವ್ಯಾಪಾರಿಯ ತಲೆಯ ಮೇಲೆ ಪೂರ್ತಿ ತೆರಿಗೆ. ಹೀಗಾಗಿ ಸಿ ಫಾರಂ ಕೇಳಿ ಪತ್ರ, ಪತ್ರಕ್ಕೆ ಜ್ಞಾಪನ ಪತ್ರ, ಅದನ್ನು ತರುವುದಕ್ಕೆಂದೇ ಒಬ್ಬ ಗುಮಾಸ್ತರ ಓಡಾಟ. ಇದರ ಜೊತೆಗೆ ಗಡಿಯಲ್ಲಿ ಎರಡೂ ಕಡೆಯ ಚೆಕ್‌ಪೋಸ್ಟು, ಎರಡೂ ಕಡೆಯ ವೇ ಬಿಲ್ಲು, ಮುದ್ರೆ ಹಾಕಿಸಿದ ಪ್ರತಿಗಳು. ಕರ್ನಾಟಕದ್ದು ಇ-ಸುಗಮ ಎಂದು ಕಂಪ್ಯೂಟರಿಗೆ ಹೋದ ಮೇಲೂ ಬಿಲ್ಲಿನ ಕಾಗದ ಲಾರಿಯಲ್ಲಿರಬೇಕಿತ್ತು.

ಆ ಕಾಗದದ ರಾಶಿಯನ್ನು ಕರಗಿಸಿದ್ದು ಯಾವ ಪರಿಸರ ದಿನಾಚರಣೆಯೂ ಅಲ್ಲ. ಜಿಎಸ್‌ಟಿ ಬಂತು, ಸಾಮಾನ್ಯ ಸರಕಿಗೆ ಸಿ ಫಾರಂ ಕೇಳುವವರೇ ಇಲ್ಲವಾದರು. ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಎದ್ದುಹೋದವು. ಬೆಂಗಳೂರು ಹೆದ್ದಾರಿಯಲ್ಲಿ ಕೊಡಿಕೊಂಡ ಚೆಕ್‌ಪೋಸ್ಟ್ ಎಂಬುದು ಈಗ ಬಸ್ಸಿನವರು ಕೂಗುವ ಹೆಸರಾಗಿ ಗಟ್ಟಿಯಾಗಿ ಉಳಿದಿದೆ. ಜಿಎಸ್‌ಟಿಯ ಬಗ್ಗೆ ಸಣ್ಣ ವ್ಯಾಪಾರಿಗಳಿಗೆ ನೂರು ತಕರಾರುಗಳಿವೆ, ಅವು ಸುಳ್ಳಲ್ಲ. ಆದರೆ ಕಾಗದದ ಮಟ್ಟಿಗೆ ಹೇಳುವುದಾದರೆ, ಈ ಗಡಿಯಲ್ಲಿ ಅಷ್ಟು ದೊಡ್ಡ ಉಳಿತಾಯವನ್ನು ಬೇರೆ ಯಾವ ಅಭಿಯಾನವೂ ಮಾಡಿಲ್ಲ. ಗುಮಾಸ್ತರಿಗೆ ಯಾರೂ ಬುದ್ಧಿ ಹೇಳಲಿಲ್ಲ, ಪ್ರಿಂಟರಿಗೆ ಸ್ಟಿಕ್ಕರು ಅಂಟಿಸಲಿಲ್ಲ. ಕೇಳುವುದನ್ನು ಬಿಟ್ಟರು, ಅಷ್ಟೇ.

ಅದೇ ರಸ್ತೆಯಲ್ಲಿ ಇದರ ಇನ್ನೊಂದು ಮುಖವೂ ಕಾಣುತ್ತದೆ. ಜಿಎಸ್‌ಟಿ ನಿಯಮಗಳ ಪ್ರಕಾರ ಸರಕಿನ ಬಿಲ್ಲು ಮೂರು ಪ್ರತಿಯಲ್ಲಿರಬೇಕು: ಒಂದು ಕೊಂಡವರಿಗೆ, ಒಂದು ಸಾಗಿಸುವವರಿಗೆ, ಒಂದು ಮಾರಿದವರಿಗೆ. ಆಮೇಲೆ ಇ-ಇನ್‌ವಾಯ್ಸ್ ಬಂತು. 2023ರ ಆಗಸ್ಟ್ 1ರಿಂದ ವರ್ಷಕ್ಕೆ ಐದು ಕೋಟಿ ರೂಪಾಯಿ ದಾಟಿದ ವಹಿವಾಟಿನವರು ಬೇರೆ ವ್ಯಾಪಾರಿಗಳಿಗೆ ಮಾರುವಾಗ ಅದನ್ನೇ ಮಾಡಬೇಕು. ಇ-ಇನ್‌ವಾಯ್ಸ್ ಮಾಡಿದ ಬಿಲ್ಲಿಗೆ ಮೂರು ಪ್ರತಿಯ ನಿಯಮ ಅನ್ವಯಿಸುವುದಿಲ್ಲ ಎಂದು 48ನೇ ನಿಯಮದಲ್ಲೇ ಬರೆದಿದೆ. ದಾರಿಯಲ್ಲಿ ಅಧಿಕಾರಿ ಕೈ ಅಡ್ಡ ಹಾಕಿದರೆ ಬಿಲ್ಲಿನ ಕ್ಯೂಆರ್ ಕೋಡನ್ನು ಫೋನಿನಲ್ಲಿ ತೋರಿಸಿದರೂ ನಡೆಯುತ್ತದೆ. ಇಷ್ಟೆಲ್ಲ ಇದ್ದೂ ಲಾರಿ ಹೊರಡುವ ಮುಂಚೆ ಆಫೀಸಿನ ಪ್ರಿಂಟರು ನಾಲ್ಕು ಸಲ ಗುರ್ ಎನ್ನುತ್ತದೆ. ಡ್ರೈವರಿಗೊಂದು, ಆ ಕಡೆಯ ಗೇಟಿನ ಸೆಕ್ಯೂರಿಟಿಗೊಂದು, ಸ್ಟೋರಿನವರಿಗೊಂದು, ‘ಇರ್ಲಿ’ ಎಂದು ಒಂದು. ಸರ್ಕಾರ ಕೈಬಿಟ್ಟ ಪ್ರತಿಯನ್ನು ಈಗ ಗೇಟಿನ ಸೆಕ್ಯೂರಿಟಿಯವರು ಕೇಳುತ್ತಿದ್ದಾರೆ. ಅವರಿಗೆ ಅದನ್ನು ಕೇಳಲು ಹೇಳಿದವರು ಯಾರು, ಯಾವಾಗ ಹೇಳಿದರು ಎಂದು ಕಾರ್ಖಾನೆಯಲ್ಲಿ ವಿಚಾರಿಸಿದರೆ ಯಾರಿಗೂ ನೆನಪಿರುವುದಿಲ್ಲ. ಖಾಸಗಿ ಕಂಪನಿಗಳು ಸರ್ಕಾರಿ ಆಫೀಸನ್ನು ಆಡಿಕೊಳ್ಳುವಾಗ ತಮ್ಮ ಗೇಟಿನ ರಿಜಿಸ್ಟರನ್ನು ಒಮ್ಮೆ ತೆಗೆದು ನೋಡಬೇಕು.

ಸರ್ಕಾರಿ ಆಫೀಸುಗಳ ಕಥೆಯಲ್ಲಿ ಕಾನೂನಿನ ಕೊರತೆ ಎಲ್ಲೂ ಇಲ್ಲ. ವಿದ್ಯುನ್ಮಾನ ದಾಖಲೆಗೆ ಕಾಗದದಷ್ಟೇ ಮಾನ್ಯತೆ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳಿದ್ದು 2000ದಲ್ಲಿ. ಡಿಜಿಲಾಕರ್ ಬಂದದ್ದು 2015ರಲ್ಲಿ. ಅದರ ಮೂಲಕ ಕೊಟ್ಟ ಪತ್ರ ಮೂಲಪತ್ರಕ್ಕೆ ಸಮ ಎಂದು 2017ರಲ್ಲಿ ನಿಯಮವೇ ಆಯಿತು. ಆಂಧ್ರದಲ್ಲಿ ಮೀಸೇವಾ ಶುರುವಾದದ್ದು 2011ರಲ್ಲಿ. 2019ರ ಅಕ್ಟೋಬರ್ 2ರಂದು ಗ್ರಾಮ, ವಾರ್ಡು ಸಚಿವಾಲಯಗಳು ಬಂದವು, ರಾಜ್ಯದಾದ್ಯಂತ 15,004. 2025ರ ಜನವರಿ 30ರಂದು ‘ಮನ ಮಿತ್ರ’ ಎಂದು ವಾಟ್ಸ್‌ಆ್ಯಪಿನಲ್ಲೇ 161 ಸೇವೆ. ಕಾಗದ ಕಮ್ಮಿಯಾಗಲು ಬೇಕಾದ ಸಲಕರಣೆ ಎಲ್ಲ ಕೈಯಲ್ಲಿದೆ. ಆದರೂ ಸರ್ಕಾರವೇ ಕೊಟ್ಟ ಪತ್ರದ ಜೆರಾಕ್ಸನ್ನು ಸರ್ಕಾರದ ಇನ್ನೊಂದು ಕೌಂಟರಿಗೆ ಕೊಡಬೇಕು. ಒನ್-ಬಿ ಎನ್ನುವುದು ಕರ್ನಾಟಕದವರ ಪಹಣಿಯ ಹಾಗೆ ಜಮೀನಿನ ಹಕ್ಕಿನ ದಾಖಲೆ. ಅದು ಕಂದಾಯ ಇಲಾಖೆಯದೇ ಕಂಪ್ಯೂಟರಿನಲ್ಲಿದೆ, ಮೀಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅದನ್ನು ರೈತ ಪ್ರಿಂಟು ಹಾಕಿಸಿ, ಜೆರಾಕ್ಸ್ ಮಾಡಿಸಿ, ಮಡಿಸಿ ಜೇಬಿನಲ್ಲಿಟ್ಟು ತಂದು ಅದೇ ಇಲಾಖೆಯ ಮೇಜಿನ ಮೇಲಿಟ್ಟರೆ ಒಳಗಿನವರು ಅದನ್ನು ಕಂಪ್ಯೂಟರಿನಲ್ಲಿ ನೋಡಿ ತಾಳೆ ಮಾಡುತ್ತಾರೆ! ಎರಡೂ ರಾಜ್ಯದಲ್ಲಿ ಹೊಲ ಇರುವ ಪಾವಗಡ, ಮಡಕಶಿರಾ ಕಡೆಯವರ ಪಾಡು ಕೇಳಲೇಬೇಡಿ. ಪಹಣಿ ಆ ಕಡೆಯದು, ಸಾಗುವಳಿಯ ಲೆಕ್ಕವಾದ ಅಡಂಗಲ್ ಈ ಕಡೆಯದು. ಬ್ಯಾಂಕಿನ ಸಾಲಕ್ಕೆ ಎರಡರ ಪ್ರತಿಯೂ ಬೇಕು, ಒಂದು ಕನ್ನಡದಲ್ಲಿ, ಒಂದು ತೆಲುಗಿನಲ್ಲಿ.

ಅಧಿಕಾರಿಗಳು ಕೆಟ್ಟವರೆಂದು ಇದಕ್ಕೆ ಷರಾ ಬರೆಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಜೆರಾಕ್ಸ್ ಕೇಳುವುದು ಗುಮಾಸ್ತರಿಗೆ ಒಂದು ರಕ್ಷೆ. ನಾಳೆ ಆಡಿಟ್ ಬಂದರೆ, ವಿಚಾರಣೆಯಾದರೆ ‘ನಾನು ನೋಡಿದ್ದೇನೆ’ ಎಂದು ತೋರಿಸಲು ಕೈಯಲ್ಲಿ ಏನಾದರೂ ಇರಬೇಕು. ಕಂಪ್ಯೂಟರಿನಲ್ಲಿ ನೋಡಿದೆ ಎಂದರೆ ಮೇಲಿನವರು ನಂಬುತ್ತಾರೆಂಬ ಧೈರ್ಯ ಇಲ್ಲ. ಹೆಚ್ಚಿಗೆ ಕಾಗದ ಕೇಳಿದ್ದಕ್ಕೆ ಯಾರ ಮೇಲೂ ಕ್ರಮ ಆಗಿದ್ದು ಕೇಳಿಲ್ಲ. ಒಂದು ಕಾಗದ ಕಡಿಮೆ ಬಿದ್ದಿದ್ದಕ್ಕೆ ಮೆಮೊ ತಿಂದವರು ಬೇಕಾದಷ್ಟು. ಈ ಲೆಕ್ಕಾಚಾರ ಬದಲಾಗದೆ ಗುಮಾಸ್ತರು ಬದಲಾಗಲಿ ಎನ್ನುವುದು ಅನ್ಯಾಯ. ಯಾವ ಅರ್ಜಿಗೆ ಯಾವ ಕಾಗದ ಬೇಕು ಎಂಬ ಪಟ್ಟಿಗೆ ಮೇಲಿನ ಅಧಿಕಾರಿ ಸಹಿ ಹಾಕಿ ಗೋಡೆಗೆ ಅಂಟಿಸಿ, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಕೂಡದು ಎಂದು ಬರೆದುಕೊಟ್ಟರೆ ಅಲ್ಲಿಗೆ ಅರ್ಧ ಮುಗಿಯಿತು. ‘ಕೂಡದು’ ಎಂಬ ಮಾತು ಅದರಲ್ಲಿ ಮುಖ್ಯ. ಬೇಕಾದ ಕಾಗದದ ಪಟ್ಟಿ ಎಲ್ಲ ಕಡೆಯೂ ನೇತಾಡುತ್ತದೆ, ಬೇಡದ ಕಾಗದದ ಪಟ್ಟಿ ಎಲ್ಲೂ ಕಾಣುವುದಿಲ್ಲ.

ಆಧಾರ್ ಪ್ರತಿಯ ವಿಷಯದಲ್ಲಿ ಒಮ್ಮೆ ಹೀಗೆ ‘ಕೂಡದು’ ಎನ್ನುವ ಪ್ರಯತ್ನ ನಡೆದಿತ್ತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು: ಸಿಕ್ಕಸಿಕ್ಕವರಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ, ದುರುಪಯೋಗ ಆಗಬಹುದು, ಕೊಟ್ಟರೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು. ದೇಶವೆಲ್ಲ ಗಾಬರಿಯಾಯಿತು, ಏಕೆಂದರೆ ಅಷ್ಟರಲ್ಲಿ ಎಲ್ಲರೂ ಎಲ್ಲ ಕಡೆಯೂ ಕೊಟ್ಟಾಗಿತ್ತು. ಎರಡು ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು, ತಪ್ಪು ತಿಳಿವಳಿಕೆಗೆ ದಾರಿಯಾಗುತ್ತದೆ ಎಂದು. ಮಾಸ್ಕ್ಡ್ ಆಧಾರ್ ಎಂಬುದು ಆಗಲೂ ಇತ್ತು, ಈಗಲೂ ಇದೆ. ಕೌಂಟರಿನಲ್ಲಿ ಅದನ್ನು ಕೊಟ್ಟು ನೋಡಿ: ‘ನಂಬರು ಕಾಣ್ತಿಲ್ಲವಲ್ಲ ಸಾರ್, ಪೂರ್ತಿ ಇರೋದು ತನ್ನಿ’ ಎನ್ನುತ್ತಾರೆ.

ಹೀಗೆ ಸೇರಿದ ಪ್ರತಿಗಳು ಕೊನೆಗೆ ಹೋಗುವುದೆಲ್ಲಿಗೆ? ಕಡಲೆಕಾಯಿಯ ಸೀಮೆಯಲ್ಲಿ ಇದಕ್ಕೆ ಉತ್ತರ ಹುಡುಕಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹುರಿದ ಕಡಲೆಕಾಯಿ ಕೊಂಡು ತಿಂದಾದ ಮೇಲೆ ಪೊಟ್ಟಣ ಬಿಚ್ಚಿ ನೋಡಿ. ಶಾಲೆಯ ಉತ್ತರ ಪತ್ರಿಕೆ ಸಿಗಬಹುದು, ಯಾವುದೋ ಕಂಪನಿಯ ಸಂಬಳದ ಪಟ್ಟಿ ಸಿಗಬಹುದು, ಅದೃಷ್ಟ ಇದ್ದರೆ ಯಾರದೋ ಹೆಸರು, ಊರು, ಖಾತೆ ನಂಬರು ಇರುವ ಅರ್ಜಿಯೂ ಸಿಗುತ್ತದೆ. ಅಚ್ಚಿನ ಮಸಿ ಹತ್ತಿದ ಕಾಗದದಲ್ಲಿ ತಿಂಡಿ ಕಟ್ಟುವುದು ಆರೋಗ್ಯಕ್ಕೆ ಕೆಡುಕು. ವೃತ್ತಪತ್ರಿಕೆಯಲ್ಲಿ ಕಟ್ಟುವುದನ್ನಂತೂ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮ ನಿಷೇಧಿಸಿದೆ. ಹರಿದು ಪುಡಿ ಮಾಡುವ ಯಂತ್ರ ತಂದರೆ ಗುಟ್ಟು ಉಳಿಯುತ್ತದೆ, ಆದರೆ ನಾರು ತುಂಡಾಗಿ ಗುಜರಿಯಲ್ಲಿ ಬೆಲೆ ಬೀಳುತ್ತದೆ. ತೆಗೆದುಕೊಳ್ಳದ ಕಾಗದಕ್ಕೆ ಈ ಎರಡು ಸಂಕಟವೂ ಇಲ್ಲ.

ಇನ್ನು ಇಟ್ಟುಕೊಳ್ಳುವ ವಿಷಯ. ಇದರಲ್ಲಿ ನಮ್ಮ ಹಿಂದಿನವರು ನಮಗಿಂತ ಲೆಕ್ಕಸ್ಥರು. ಹಿಂದೂಪುರದ ಪಕ್ಕದ ಲೇಪಾಕ್ಷಿಯ ವೀರಭದ್ರನ ಗುಡಿಗೆ ಹೋದವರು ತೂಗುವ ಕಂಬದ ಕೆಳಗೆ ಬಟ್ಟೆ ಎಳೆದು ನೋಡಿ ವಾಪಸಾಗುತ್ತಾರೆ. ಗೋಡೆಯ ಮೇಲೆ ವಿಜಯನಗರದ ಕಾಲದ ಕನ್ನಡ ಶಾಸನಗಳಿವೆ, ದೇವರಿಗೆ ಬಿಟ್ಟ ಭೂಮಿಕಾಣಿಯ ದಾಖಲೆ. ಸೂರ್ಯಚಂದ್ರರಿರುವ ತನಕ ಉಳಿಯಬೇಕಾದದ್ದನ್ನು ಕಲ್ಲಿಗೆ ಹಾಕಿದರು. ಅಂಗಡಿಯ ದಿನದ ಲೆಕ್ಕವನ್ನು ಯಾರೂ ಕಲ್ಲಿಗೆ ಹಾಕಲಿಲ್ಲ. ಅದಕ್ಕೆ ಬೇರೆ ವಸ್ತುವೇ ಇತ್ತು, ಕಡತ. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಮಗ್ಗುಲಿಗೆ ಬಳಿದು, ಒಣಗಿಸಿ, ಪುಟಪುಟವಾಗಿ ಮಡಿಸಿ, ಎರಡು ಕೊನೆಗೂ ಮರದ ಹಲಗೆ ಕಟ್ಟುತ್ತಿದ್ದರು. ಬಿಡಿಸಿದರೆ ಹನ್ನೆರಡರಿಂದ ಹದಿನೆಂಟು ಅಡಿ ಉದ್ದ. ಕಪ್ಪು ಪುಟದ ಮೇಲೆ ಬಳಪದ ಬಿಳಿ ಅಕ್ಷರ. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯ ಪುಸ್ತಕದಲ್ಲಿ ಇದನ್ನು ಅಚ್ಚರಿಯಿಂದ ವರ್ಣಿಸಿದ್ದಾನೆ. ವರ್ತಕರೂ ಶಾನುಭೋಗರೂ ತಲೆಮಾರುಗಟ್ಟಲೆ ಅದರ ಮೇಲೆಯೇ ಲೆಕ್ಕ ಬರೆದರು. ಒಂದು ದಾಖಲೆ ಎಷ್ಟು ಕಾಲ ಬದುಕಬೇಕು ಎಂದು ಮೊದಲು ನಿರ್ಧಾರ, ಯಾವುದರ ಮೇಲೆ ಬರೆಯಬೇಕು ಎಂಬುದು ಆಮೇಲೆ. ಇವತ್ತು ದೇವಸ್ಥಾನದ ಭೂಮಿಯ ಪತ್ರಕ್ಕೂ, ನಾಳಿನ ಮೀಟಿಂಗಿಗೆ ಎಷ್ಟು ಟೀ ಬೇಕು ಎಂಬ ಚೀಟಿಗೂ ಅದೇ ಎ4, ಎರಡಕ್ಕೂ ಅದೇ ಬೀರು.

ಹಾಗೆಂದು ಬ್ರಿಟಿಷರ ಆಫೀಸಿಗೆ ಈ ಬುದ್ಧಿ ಇರಲಿಲ್ಲ ಎನ್ನುವಂತಿಲ್ಲ. ಅನಂತಪುರ ಜಿಲ್ಲೆ 1953ರ ತನಕ ಮದ್ರಾಸಿಗೆ ಸೇರಿತ್ತು. ಆಫೀಸಿನ ರಿವಾಜೂ ಅಲ್ಲಿಂದಲೇ ಬಂದದ್ದು. ಆ ರಿವಾಜಿನಲ್ಲಿ ಫೈಲು ಮುಗಿದಾಗ ಗುಮಾಸ್ತರು ಅದರ ಮೇಲೆ ಒಂದು ಗುರುತು ಹಾಕಬೇಕು. ಆರ್.ಡಿಸ್. ಎಂದರೆ ಶಾಶ್ವತವಾಗಿ ಇಡತಕ್ಕದ್ದು. ಡಿ.ಡಿಸ್. ಎಂದರೆ ಹತ್ತು ವರ್ಷದ ಮೇಲೆ ನಾಶ ಮಾಡತಕ್ಕದ್ದು. ಎಲ್.ಡಿಸ್. ಎಂದರೆ ಅದಕ್ಕಿಂತ ಬೇಗ. ಗುರುತು ಇವತ್ತಿಗೂ ಬೀಳುತ್ತದೆ, ನಾಶ ಮಾಡುವ ದಿನ ಮಾತ್ರ ಬರುವುದೇ ಇಲ್ಲ. ನಾಶ ಮಾಡಬೇಕೆಂದರೆ ಪಟ್ಟಿ ಮಾಡಬೇಕು, ಮೇಲಿನವರ ಒಪ್ಪಿಗೆ ಬೇಕು, ಯಾರಾದರೂ ಸಹಿ ಹಾಕಬೇಕು. ಎಂದೋ ಯಾರೋ ಮಾಹಿತಿ ಹಕ್ಕಿನಲ್ಲಿ ಕೇಳಿಬಿಟ್ಟರೆ? ಇರ್ಲಿ ಬಿಡಿ, ಮೂಲೆಯಲ್ಲಿ ಬಿದ್ದಿರಲಿ. ಗೆದ್ದಲು ಸಹಿ ಕೇಳುವುದಿಲ್ಲ, ಆ ಕೆಲಸ ಅದು ಮಾಡುತ್ತದೆ. ದುರಂತ ಏನೆಂದರೆ ಗೆದ್ದಲಿಗೆ ಆರ್.ಡಿಸ್. ಯಾವುದು, ಎಲ್.ಡಿಸ್. ಯಾವುದು ಗೊತ್ತಿಲ್ಲ. ಹಳ್ಳಿಯ ದಾಖಲೆಗಳ ಪಾಡೂ ಇದೇ. ಹಳ್ಳಿಯ ಲೆಕ್ಕ, ಕಂದಾಯ ನೋಡುತ್ತಿದ್ದ ಕರಣಂ, ಮುನಸಬುಗಳ ಹುದ್ದೆಯನ್ನು ಎನ್.ಟಿ.ಆರ್. ಸರ್ಕಾರ 1984ರಲ್ಲಿ ರದ್ದು ಮಾಡಿತು. ವಂಶಪಾರಂಪರ್ಯವಾಗಿ ಮನೆಯಲ್ಲೇ ಇದ್ದ ಹಳ್ಳಿಯ ಲೆಕ್ಕದ ಪುಸ್ತಕಗಳು ಸರ್ಕಾರಕ್ಕೆ ಬರಬೇಕಾದಾಗ ಆದ ಗೊಂದಲದ ಕಥೆಗಳನ್ನು ಈ ಸೀಮೆಯ ಹಿರಿಯರು ಈಗಲೂ ಹೇಳುತ್ತಾರೆ. ನಿಜವಾಗಿ ಬೇಕಾದ ಅಡಂಗಲ್ ಪುಟ ಸಿಗದೆ ಕೋರ್ಟು ಅಲೆಯುವವರು ಒಂದು ಕಡೆ, ಯಾರಿಗೂ ಬೇಡದ ಕಾಗದದ ಗಂಟುಗಳು ಇನ್ನೊಂದು ಕಡೆ. ಬೇಡದ್ದನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ಬೇಕಾದದ್ದೂ ಉಳಿಯುವುದಿಲ್ಲ.

ಅಂಗಡಿ, ಕಾರ್ಖಾನೆಯವರಿಗೂ ಇದೇ ಕಾಯಿಲೆ. ಜಿಎಸ್‌ಟಿಯ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಟ್ಟರೆ ಸಾಕು, ಕೇಸು ನಡೆಯುತ್ತಿದ್ದರೆ ಮಾತ್ರ ಇನ್ನೂ ಇಡಬೇಕು. ಕಂಪ್ಯೂಟರಿನಲ್ಲಿ ಇಟ್ಟರೂ ಆಗುತ್ತದೆ. ಹೀಗಿದ್ದೂ ತಾತನ ಕಾಲದ ಬಿಲ್ ಬುಕ್ಕು ಅಟ್ಟದ ಮೇಲಿರುತ್ತದೆ.

ಬದಲಾವಣೆಯ ಹೆಸರಿನಲ್ಲಿ ಹಾಳಾಗುವ ಕಾಗದ ಇನ್ನೊಂದು ಬಗೆ. 2022ರ ಏಪ್ರಿಲ್ 4ರಂದು ಆಂಧ್ರದ 13 ಜಿಲ್ಲೆಗಳು 26 ಆದವು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಒಂದೇ ಬೆಳಗಿನಲ್ಲಿ ಒಂದು ಊರಿನ ಲೆಟರ್‌ಹೆಡ್ಡು, ರಶೀದಿ ಪುಸ್ತಕ, ವಿಸಿಟಿಂಗ್ ಕಾರ್ಡು, ಮದುವೆ ಮಂಟಪದ ಬಿಲ್ ಬುಕ್ಕು ತನಕ ಎಲ್ಲದರಲ್ಲೂ ಜಿಲ್ಲೆಯ ಹೆಸರು ತಪ್ಪಾಯಿತು. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಪಟ್ಟಾದಾರ್ ಪುಸ್ತಕದ ಕಥೆ ಹಾಗಲ್ಲ. ಜಮೀನಿನ ಮರುಸರ್ವೆಯ ಸಮಯದಲ್ಲಿ ಆಗಿನ ಮುಖ್ಯಮಂತ್ರಿಯ ಫೋಟೊ ಇರುವ ಪುಸ್ತಕಗಳನ್ನು ಹಂಚಿದರು. 2024ರಲ್ಲಿ ಸರ್ಕಾರ ಬದಲಾದ ಮೇಲೆ ಅವನ್ನು ಬಿಟ್ಟು ರಾಜಮುದ್ರೆ ಇರುವ ಹೊಸ ಪುಸ್ತಕ ಕೊಡುವ ತೀರ್ಮಾನವಾಯಿತು. ಮೊದಲೇ ರಾಜಮುದ್ರೆ ಹಾಕಿದ್ದರೆ ಎರಡನೇ ಸಲ ಅಚ್ಚು ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ. ಯೋಜನೆಗಳ ಕಾರ್ಡು, ಚೀಲ, ಕರಪತ್ರದ ಮೇಲೆ ನಾಯಕರ ಮುಖ ಅಚ್ಚು ಹಾಕುವ ಚಾಳಿಗೆ ಪಕ್ಷಭೇದವಿಲ್ಲ, ರಾಜ್ಯಭೇದವೂ ಇಲ್ಲ.

ಗಡಿನಾಡಿನ ಡಿಟಿಪಿ ಅಂಗಡಿಗಳಲ್ಲಿ ಇನ್ನೊಂದು ಸಣ್ಣ ಸೋರಿಕೆ ಇದೆ, ಹೊರಗಿನವರಿಗೆ ತಿಳಿಯುವಂಥದ್ದಲ್ಲ. ತೆಲುಗಿಗೆ ಅನು ಫಾಂಟು, ಕನ್ನಡಕ್ಕೆ ನುಡಿ ಅಥವಾ ಬರಹ. ಗೌರಿಬಿದನೂರಿನಲ್ಲಿ ಹಳೇ ನುಡಿಯಲ್ಲಿ ಟೈಪು ಮಾಡಿದ ಕರಾರುಪತ್ರ ಹಿಂದೂಪುರದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫಾಂಟು ಹಾಕಿ ನೋಡಿದರೆ ಒತ್ತಕ್ಷರ ಜಾರಿರುತ್ತದೆ, ಒಂದು ಪುಟ ಒಂದೂಕಾಲು ಪುಟ ಆಗಿರುತ್ತದೆ. ಪರೀಕ್ಷೆಗೆಂದು ಪ್ರಿಂಟು ಹಾಕಿದ ಹಾಳೆಗಳು ಬುಟ್ಟಿ ತುಂಬುತ್ತವೆ. ಬೆಲೆಯುಳ್ಳ ಛಾಪಾ ಕಾಗದದ ಮೇಲೇ ಹೀಗಾದರೆ ನಷ್ಟ ಇನ್ನೂ ಹೆಚ್ಚು. ಯೂನಿಕೋಡಿನಲ್ಲಿ ಟೈಪು ಮಾಡಿ, ಪಿಡಿಎಫ್ ಮಾಡಿ ಕಳಿಸಿದರೆ ಈ ತಂಟೆ ಇಲ್ಲ. ಬಸ್ಸಿನ ಟಿಕೆಟ್ಟು, ಎಟಿಎಂ ಚೀಟಿಯ ಥರ್ಮಲ್ ಕಾಗದದ್ದು ಮತ್ತೊಂದು ಪ್ರಹಸನ. ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆಂದು ಆಫೀಸಿನವರು ಪ್ರವಾಸ ಭತ್ಯೆಗೆ ಟಿಕೆಟ್ಟಿನ ಜೊತೆ ಅದರ ಜೆರಾಕ್ಸನ್ನೂ ಕೇಳುತ್ತಾರೆ. ಬೆರಳಗಲದ ಚೀಟಿಗೆ ಒಂದು ಇಡೀ ಎ4! ಆ ಚೀಟಿಯಲ್ಲಿ ಬಿಸ್ಫೆನಾಲ್ ಜಾತಿಯ ರಾಸಾಯನಿಕ ಇರುವುದರಿಂದ ಬೇರೆ ರದ್ದಿಯ ಜೊತೆ ಅದನ್ನು ಬೆರೆಸಲೂಬಾರದು.

ದೊಡ್ಡ ಸಂಸ್ಥೆಗಳು ಮನಸ್ಸು ಮಾಡಿದರೆ ಒಂದು ಸುತ್ತೋಲೆಯಲ್ಲಿ ಕೆಲಸ ಆಗುತ್ತದೆ. ಸುಪ್ರೀಂ ಕೋರ್ಟು 2020ರ ಏಪ್ರಿಲಿನಿಂದ ಉದ್ದನೆಯ ಲೀಗಲ್ ಹಾಳೆ ಬಿಟ್ಟು ಎ4ರ ಎರಡೂ ಮಗ್ಗುಲು ಅಚ್ಚು ಹಾಕಿ ಸಲ್ಲಿಸಿ ಎಂದಿತು. ಅಲ್ಲಿಯ ತನಕ ಒಂದೇ ಮಗ್ಗುಲು. ರೈಲ್ವೆ 2018ರ ಮಾರ್ಚ್ 1ರಿಂದ ದೊಡ್ಡ ನಿಲ್ದಾಣಗಳಲ್ಲಿ ಬೋಗಿಗಳ ಮೇಲೆ ರಿಸರ್ವೇಶನ್ ಪಟ್ಟಿ ಅಂಟಿಸುವುದನ್ನು ಪ್ರಯೋಗವೆಂದು ನಿಲ್ಲಿಸಿತು. ಮೊಬೈಲಿಗೆ ಬಂದ ಸೀಟು ನಂಬರು ನೋಡಿಕೊಂಡು ಜನ ಹತ್ತಿದರು, ಯಾರ ಪ್ರಯಾಣವೂ ನಿಲ್ಲಲಿಲ್ಲ.

ತೂಮುಕುಂಟದ ಸಣ್ಣ ಕಾರ್ಖಾನೆಗೋ ಕಲ್ಯಾಣದುರ್ಗದ ಸಹಕಾರಿ ಸಂಘಕ್ಕೋ ಸುತ್ತೋಲೆ ಬರುವ ತನಕ ಕಾಯಬೇಕಾಗಿಲ್ಲ. ಒಂದು ತಿಂಗಳು ಆಫೀಸಿಗೆ ಬಂದ ಮತ್ತು ಆಫೀಸಿನಿಂದ ಹೋದ ಪ್ರತಿಯೊಂದು ಬಗೆಯ ಕಾಗದದ ಒಂದೊಂದು ಮಾದರಿಯನ್ನು ಒಂದು ಫೈಲಿಗೆ ಹಾಕುತ್ತ ಹೋಗಿ. ತಿಂಗಳ ಕೊನೆಗೆ ಎಲ್ಲರೂ ಕೂತು ಒಂದೊಂದನ್ನೇ ಎತ್ತಿ, ಇದನ್ನು ಕಳೆದ ವರ್ಷದಲ್ಲಿ ಯಾರಾದರೂ ಮತ್ತೆ ತೆಗೆದು ಓದಿದ್ದೀರಾ ಎಂದು ಕೇಳಿ. ಉತ್ತರ ಬಾರದ ಕಾಗದಗಳನ್ನು ಕೇಳುವುದು ನಿಲ್ಲಿಸಿ. ಹಾಜರಿಗೆ ಬೆರಳಚ್ಚಿನ ಯಂತ್ರವೂ ಇದ್ದು ಪುಸ್ತಕವೂ ಇದ್ದರೆ ಒಂದನ್ನು ತೆಗೆಯಿರಿ. ಪ್ರಿಂಟರು ಕೊಳ್ಳುವಾಗ ಎರಡು ಸಾವಿರ ಉಳಿಸಲು ಹೋಗಿ ಎರಡು ಮಗ್ಗುಲು ತಾನೇ ತಿರುಗಿಸಿ ಹಾಕುವ ಸೌಕರ್ಯ ಇಲ್ಲದ್ದನ್ನು ತರಬೇಡಿ. ಕೈಯಿಂದ ತಿರುಗಿಸಿ ಹಾಕಿ ಎಂದರೆ ಎರಡು ದಿನ ಹಾಕುತ್ತಾರೆ, ಮೂರನೇ ದಿನ ಹಾಳೆ ಸಿಕ್ಕಿಕೊಂಡರೆ ಬಿಟ್ಟುಬಿಡುತ್ತಾರೆ.

ಇಷ್ಟು ಹೇಳಿ ಒಂದು ಎಚ್ಚರಿಕೆ. ಕಾಗದ ಉಳಿಸುವ ನೆಪದಲ್ಲಿ ಕೆಲವು ಕಡೆ ಉಲ್ಟಾ ನಡೆಯುತ್ತಿದೆ: ಜನರಿಂದ ತೆಗೆದುಕೊಳ್ಳುವ ಕಾಗದ ಹಾಗೇ ಇದೆ, ಜನರಿಗೆ ಕೊಡುವ ಕಾಗದ ಮಾತ್ರ ನಿಂತಿದೆ. ಅರ್ಜಿ ಕೊಟ್ಟು ರಶೀದಿ ಕೇಳಿದರೆ ‘ಮೆಸೇಜು ಬಂದಿರುತ್ತೆ, ಫೋನಿನಲ್ಲಿ ನೋಡ್ಕೊಳ್ಳಿ’ ಎನ್ನುತ್ತಾರೆ. ಕಲ್ಯಾಣದುರ್ಗ, ಮಡಕಶಿರಾ ಕಡೆಯ ಎಷ್ಟೋ ಮನೆಗಳಲ್ಲಿ ಆಧಾರಿಗೆ ಜೋಡಿಸಿದ ಫೋನ್ ನಂಬರು ಬೆಂಗಳೂರಿನಲ್ಲಿ ಕೂಲಿಗೋ ಗಾರ್ಮೆಂಟ್ಸಿಗೋ ಹೋದ ಮಗನದೋ ಮಗಳದೋ ಆಗಿರುತ್ತದೆ. ಒಟಿಪಿ ಪೀಣ್ಯಕ್ಕೆ ಹೋಗುತ್ತದೆ, ಅರ್ಜಿ ಕೊಟ್ಟ ಅವ್ವ ಶೆಟ್ಟೂರಿನಲ್ಲಿರುತ್ತಾರೆ. ಮಗ ಶಿಫ್ಟಿನಲ್ಲಿದ್ದು ಫೋನು ಎತ್ತದಿದ್ದರೆ ಅವರ ಅರ್ಜಿ ಯಾವ ಮೇಜಿಗೆ ಹೋಯಿತು, ಯಾವಾಗ ಬಾ ಎಂದಿದ್ದಾರೆ ಎಂದು ಹೇಳುವವರಿಲ್ಲ. ಅರ್ಜಿ ನಂಬರು, ತಾರೀಖು, ಸಹಿ ಇರುವ ಅಂಗೈಯಗಲದ ಒಂದು ಚೀಟಿಯನ್ನು ಕೌಂಟರಿನವರು ಅವರ ಕೈಗೆ ಕೊಡಬೇಕು. ಎ4 ಹಾಳೆಯೊಂದನ್ನು ಎಂಟು ಮಡಿಕೆ ಮಾಡಿ ಹರಿದರೆ ಅಂಥವು ಎಂಟು ಆಗುತ್ತವೆ.